‘ಅಟ್ಟ ಹತ್ತಿಸಿದವರೇ ಈಗ ಹುಡುಕ್ತಿದ್ದಾರೆ’

ರಜೆಗೆ ಊರಿಗೆ ಬಂದ ಬೆಂಗಳೂರಿನವರೊಬ್ಬರು ಗ್ಲುಟನ್ ಇಲ್ಲದ, ನಾಲಿಗೆಗೂ ಹಿತವಾದ, ಜೇಬಿಗೂ ಭಾರವಾಗದ ಪಾಸ್ತಾ ಹುಡುಕುತ್ತಾ ಕೊಪ್ಪದ ಪೇಟೆ ಸುತ್ತಿ, ಶೃಂಗೇರಿಯಲ್ಲಿ ವಿಚಾರಿಸಿ, ನರಸಿಂಹರಾಜಪುರದವರೆಗೂ ಹೋಗಿ ಬರಿಗೈಲಿ ವಾಪಸ್ಸಾದರಂತೆ. ಈ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲವರು ಅವರದೇ ಮನೆಯ ಅಟ್ಟದಲ್ಲಿ, ಗೋಣಿಚೀಲದ ಕೆಳಗೆ ಸಿಕ್ಕರು: ಮೂರು ಕಾಲಿನ ಶ್ಯಾವಿಗೆ ಒರಳು.

ನಾವು: ನಮಸ್ಕಾರ. ಗ್ಲುಟನ್ ಅಂದರೆ ತಮಗೆ ಗೊತ್ತೇ?

ಒರಳು: ಗೋಧಿ, ಬಾರ್ಲಿಯಲ್ಲಿರುವ ಅಂಟು ಪ್ರೋಟೀನು ಅಲ್ವಾ ಮಾರಾಯ್ರೆ? ಅಟ್ಟದಲ್ಲಿದ್ದರೂ ಕೆಳಗಿನ ಟಿವಿ ಕೇಳ್ತದೆ. ನನ್ನ ಹೊಟ್ಟೆಗೆ ಬಿದ್ದದ್ದು ಬರೀ ಅಕ್ಕಿ.

ನಾವು: ಪಾಸ್ತಾಕ್ಕೂ ತಮಗೂ ಎಂತ ಸಂಬಂಧ?

ಒರಳು: ದಾಯಾದಿ. ಅದೂ ಅಚ್ಚಿನಿಂದ ಒತ್ತಿಸಿಕೊಂಡೇ ಹೊರಗೆ ಬರೂದು. ದುಬಾರಿ ಪೊಟ್ಟಣದ ಮೇಲೆ ‘ಕಂಚಿನ ಅಚ್ಚಿನದು’ ಅಂತ ದೊಡ್ಡದಾಗಿ ಬರೀತಾರಂತೆ. ನನ್ನದು ಹಿತ್ತಾಳೆ ಬಿಲ್ಲೆ, ಯಾರೂ ಒಂದಕ್ಷರ ಬರೀಲಿಲ್ಲ.

ನಾವು: ಗೋಧಿಯ ಅಂಟಿಲ್ಲದೆ ಎಳೆ ನಿಲ್ಲೂದು ಹೇಗೆ? ಕೆಲವು ಪೊಟ್ಟಣದವರು ಝಾಂಥನ್ ಗಮ್ ಹಾಕ್ತಾರೆ.

ಒರಳು: ಇಲ್ಲಿ ಬೆಂಕಿ ಹಾಕ್ತಾರೆ. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಮುದ್ದೆಯಾಗುವವರೆಗೆ ಮಗುಚಿ, ಉಂಡೆ ಕಟ್ಟಿ ಮತ್ತೆ ಹಬೆಯಲ್ಲಿ ಬೇಯಿಸ್ತಾರೆ. ಬೆಂದ ಅಕ್ಕಿಯ ಪಿಷ್ಟವೇ ಅಂಟು. ಆದರೆ ಸುಡುಸುಡು ಇರುವಾಗಲೇ ಒತ್ತಬೇಕು. ಫೋನ್ ಬಂತು ಅಂತ ಎದ್ದು ಹೋದಿರೋ, ಉಂಡೆ ಆರಿ ಕಲ್ಲಾಗ್ತದೆ. ಆಮೇಲೆ ನನ್ನ ಕಾಲು ಅಲ್ಲಾಡ್ತದೆಯೇ ಹೊರತು ಎಳೆ ಇಳಿಯೂದಿಲ್ಲ. ಒಬ್ಬರು ನನ್ನ ಕಾಲು ಅದುಮಿ ಹಿಡಿಯೂದು, ಒಬ್ಬರು ಹಿಡಿ ತಿರುಗಿಸೂದು, ಮತ್ತೊಬ್ಬರು ಕೆಳಗೆ ಬಾಳೆಲೆ ಹಿಡಿದು ಸುತ್ತು ಸುತ್ತಾಗಿ ಬೀಳಿಸಿಕೊಳ್ಳೂದು.

ನಾವು: ರುಚಿ?

ಒರಳು: ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು, ಕೋಳಿ ತಿನ್ನುವ ಮನೆಯಲ್ಲಾದರೆ ಕೋಳಿ ಸಾರು. ಉಳಿದದ್ದಕ್ಕೆ ಒಗ್ಗರಣೆ, ನಿಂಬೆಹುಳಿ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದವರು ಇಡಿಯಪ್ಪಂ ಒತ್ತಿ ಕಡಲೆ ಸಾರಿನ ಜೊತೆ ತಿಂತಾರೆ. ಟೊಮೆಟೊ ಸಾಸ್ ಸುರಿದರೂ ನಾನೇನೂ ಜಗಳಕ್ಕೆ ಬರೂದಿಲ್ಲ.

ನಾವು: ಅಗ್ಗವೂ ಹೌದಲ್ಲ?

ಒರಳು: ಅಕ್ಕಿ ಅಗ್ಗ. ಅದೂ ಈಗ ಎಷ್ಟೋ ಮನೆಗೆ ಅಂಗಡಿಯಿಂದಲೇ, ಗದ್ದೆಯಲ್ಲಿ ಅಡಿಕೆ ನಿಂತಿದೆ. ರಟ್ಟೆಗೆ ಯಾರು ಬಿಲ್ ಹಾಕಿದ್ದಾರೆ ಹೇಳಿ? ಅತ್ತೆ, ಸೊಸೆ ನಸುಕಿಗೆ ಎದ್ದು ರುಬ್ಬಿ, ಬೇಯಿಸಿ, ಒತ್ತಿದ್ದನ್ನು ಲೆಕ್ಕಕ್ಕೇ ಹಿಡಿಯದೆ ‘ಮಲೆನಾಡಿನ ತಿಂಡಿ ಎಷ್ಟು ಸಲೀಸು’ ಅನ್ನೂದು ಎಲೆ ಮುಂದೆ ಕೂತ ಗಂಡಸರು. ನನ್ನನ್ನು ಅಟ್ಟ ಹತ್ತಿಸಿದ್ದು ಈ ಮನೆ ಸೊಸೆಯೇ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ನಾವು: ಈ ಗ್ಲುಟನ್ ಪಥ್ಯವೆಲ್ಲ ಬರೀ ಶೋಕಿ ಅಂತಾರಲ್ಲ?

ಒರಳು: ಕೆಲವರದ್ದು ಶೋಕಿಯೇ. ಆದರೆ ಸೀಲಿಯಾಕ್ ಕಾಯಿಲೆ ಇದ್ದವರಿಗೆ ಚೂರು ಗೋಧಿಯೂ ಕರುಳು ಕೆಡಿಸ್ತದೆ. ಗೋಧಿ ಬಿಟ್ಟರೆ ಅಂಥ ಮಕ್ಕಳು ಚೇತರಿಸಿಕೊಳ್ತಾರೆ ಅಂತ ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದರು. ಸಂಶಯ ಇದ್ದವರು ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಲಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಕೈತಪ್ಪಬಹುದು.

ನಾವು: ಓದುಗರಿಗೆ ಒಂದು ಮಾತು?

ಒರಳು: ಅಂಗಡಿಯ ಒಣ ಶ್ಯಾವಿಗೆ ಹೆಚ್ಚಿನದೂ ಗೋಧಿಯದ್ದು, ನನ್ನ ಬಳಗ ಅಂತ ನಂಬಬೇಡಿ. ‘ಗ್ಲುಟನ್ ರಹಿತ’ ಅಂತ ಬರೆದದ್ದರಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು ಅಂತ ನಮ್ಮ ದೇಶದ ನಿಯಮವೇ ಉಂಟು. ಒಗ್ಗರಣೆಗೆ ಮೊದಲು ಇಂಗಿನ ಡಬ್ಬಿ ತಿರುಗಿಸಿ ಓದಿ, ಎಷ್ಟೋ ಇಂಗಿಗೆ ಗೋಧಿಹಿಟ್ಟು ಬೆರೆಸಿರ್ತಾರೆ. ಮತ್ತೆ, ನನ್ನನ್ನು ಅಟ್ಟದಿಂದ ಇಳಿಸೂದಾದರೆ ಹಿಡಿ ತಿರುಗಿಸಲಿಕ್ಕೆ ಪಾಸ್ತಾ ಹುಡುಕಿದವರನ್ನೇ ಕೂರಿಸಿ.