ಅಧ್ಯಕ್ಷರ ದಶಾವತಾರಕ್ಕೆ ಜಾಗ ಸಾಲದು

‘ನಿಮ್ಮ ಖಾತೆಯ ಜಾಗ ಶೇ. 95 ತುಂಬಿದೆ’ ಎಂದು ಹೋಸ್ಟಿಂಗ್ ಕಂಪನಿ ಎಚ್ಚರಿಕೆಯ ಇಮೇಲ್ ಕಳಿಸಿತ್ತು. ಒಂದಲ್ಲ, ನಾಲ್ಕಾರು. ಅವು ಹೋಗಿ ಬೀಳುತ್ತಿದ್ದದ್ದು ಸಂಘದ್ದೇ ಹೆಸರಿನ ಇಮೇಲ್ ಪೆಟ್ಟಿಗೆಗೆ. ಆ ಪೆಟ್ಟಿಗೆ ಇರುವುದು ಅದೇ ಖಾತೆಯ ಅದೇ ಜಾಗದಲ್ಲಿ. ಮೊದಲ ಪತ್ರಗಳನ್ನು ಇಂಗ್ಲಿಷಿನಲ್ಲಿವೆ ಎಂಬ ಕಾರಣಕ್ಕೆ ಯಾರೂ ತೆರೆಯಲಿಲ್ಲ. ಕೊನೆಯದು ಬರುವ ಹೊತ್ತಿಗೆ ಜಾಗ ತುಂಬಿದೆ ಎಂಬ ಸುದ್ದಿಗೇ ಜಾಗವಿಲ್ಲದೆ ಅದು ಬಂದ ದಾರಿಯಲ್ಲಿ ಹಿಂದಿರುಗಿತು. ವೆಬ್‌ಸೈಟ್ ಬಿಳಿ ಹಾಳೆಯಾಗಿ ನಿಂತ ಮೇಲಷ್ಟೇ ಸಂಘ ಎಚ್ಚೆತ್ತುಕೊಂಡಿತು.

ಯಾವ ಸಂಘ ಎಂದು ಕೇಳಬೇಡಿ. ಸ್ಮರಣ ಸಂಚಿಕೆ ತರುವ, ಸಿಕ್ಕವರಿಗೆಲ್ಲ ಶಾಲು ಹೊದಿಸುವ, ನವೆಂಬರಿನ ರಾಜ್ಯೋತ್ಸವವನ್ನು ಸಭಾಂಗಣ ಸಿಕ್ಕ ತಿಂಗಳಲ್ಲಿ ಆಚರಿಸುವ ಯಾವುದಾದರೂ ಆದೀತು. ನಿಮ್ಮ ಊರಿನದೇ ಎಂದುಕೊಂಡರೂ ನನ್ನ ಅಭ್ಯಂತರವಿಲ್ಲ.

ತುರ್ತು ಸಭೆ ಸೇರಿತು. ತುರ್ತು ಸಭೆ ಎಂದರೆ ಉಪ್ಪಿಟ್ಟು ಇರುತ್ತದೆ, ಕೇಸರಿಬಾತ್ ಇರುವುದಿಲ್ಲ. ವೆಬ್‌ಸೈಟ್ ನೋಡಿಕೊಳ್ಳುವ ಹುಡುಗನನ್ನು ಕರೆಸಿದರು. ಪ್ರತಿ ಸಂಘದಲ್ಲೂ ಇಂಥ ಒಬ್ಬ ಇರುತ್ತಾನೆ. ಯಾರದೋ ತಂಗಿಯ ಮಗ, ಇಂಜಿನಿಯರಿಂಗ್ ಓದಿದವನು, ಸಂಬಳವಿಲ್ಲ, ಬೈಗುಳಕ್ಕೆ ಕೊರತೆಯಿಲ್ಲ.

“ಹತ್ತು ಜಿಬಿ ತಗೊಂಡಿದ್ವಲ್ಲಪ್ಪಾ, ಅಷ್ಟೂ ಹೇಗೆ ಖರ್ಚಾಯ್ತು?” ಎಂದು ಖಜಾಂಚಿಗಳು ಕೇಳಿದರು. ಹಣದ ಲೆಕ್ಕ ಕೇಳಿದಾಗ ಅವರು ಈ ಧ್ವನಿ ತೆಗೆಯುವುದಿಲ್ಲ.

ಹುಡುಗ ಬಾಯಿ ತೆರೆಯುವ ಮೊದಲೇ ಕಾರ್ಯದರ್ಶಿಗಳು ಪರಿಹಾರ ಮಂಡಿಸಿಬಿಟ್ಟರು: ಹಳೆಯ ಸಂಚಿಕೆಗಳ ಕವನ, ಕಥೆ, ಪ್ರಬಂಧ ಎಲ್ಲ ತೆಗೆದುಬಿಡೋಣ. ಯಾರು ಓದುತ್ತಾರೆ? ಸಭೆ ತಲೆದೂಗಿತು. ಸಾಹಿತ್ಯದ ಸಂಘವೊಂದರಲ್ಲಿ ಸರ್ವಾನುಮತ ಮೂಡುವುದು ಅಪರೂಪ, ಅದೂ ಸಾಹಿತ್ಯದ ವಿಷಯದಲ್ಲಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಯೂನಿಕೋಡ್‌ನಲ್ಲಿ, ವೆಬ್‌ಸೈಟುಗಳು ಬಳಸುವ ರೀತಿಯಲ್ಲಿ ಬರೆದಿಟ್ಟರೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ಕೊಂಬಿಗೂ ಪ್ರತ್ಯೇಕ ಮೂರು, ಒತ್ತಿಗಾದರೆ ಆರು. ಇದನ್ನು ಹಿಡಿದು ‘ಕನ್ನಡ ಭಾರ, ಇಂಗ್ಲಿಷ್ ಹಗುರ’ ಎಂದು ವಾದಿಸುವವರೂ ಇದ್ದಾರೆ. ಆಗಲಿ, ‘ಅಧ್ಯಕ್ಷರು’ ಎಂದು ಬರೆಯಲು 27 ಬೈಟ್ ಬೇಕು. ನೀವು ಈಗ ಓದುತ್ತಿರುವಷ್ಟು ಉದ್ದದ ಬರಹ ಸುಮಾರು 35 ಕೆಬಿಯಲ್ಲಿ ಮುಗಿಯುತ್ತದೆ. ಅದೇ ಅಧ್ಯಕ್ಷರು ಶಾಲು ಹೊದ್ದು ನಿಂತ ಒಂದು ಮೊಬೈಲ್ ಫೋಟೊ ನಾಲ್ಕು ಎಂಬಿ, ಅಂದರೆ ಹತ್ತಿರ ಹತ್ತಿರ 40 ಲಕ್ಷ ಬೈಟ್. ಅವರೊಬ್ಬರ ಒಂದು ಮುಗುಳ್ನಗೆಯ ಜಾಗದಲ್ಲಿ ನೂರಕ್ಕೂ ಹೆಚ್ಚು ಪ್ರಬಂಧಗಳು ಸಂಸಾರ ಹೂಡಬಹುದು. 1956ರಲ್ಲಿ ಐಬಿಎಂ ಮಾರುಕಟ್ಟೆಗೆ ತಂದ ಮೊದಲ ಹಾರ್ಡ್ ಡಿಸ್ಕ್ ಐವತ್ತು ದೊಡ್ಡ ತಟ್ಟೆಗಳದ್ದು, ತೂಕ ಟನ್ನಿನ ಲೆಕ್ಕದ್ದು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಆಗಿನ ಅಕ್ಷರ ಬೈಟಿಗಿಂತ ಚಿಕ್ಕದು, ಹಾಗಾಗಿ ಇಂದಿನ ಅಳತೆಯಲ್ಲಿ ನಾಲ್ಕು ಎಂಬಿಗೂ ಕಡಿಮೆ. ನಮ್ಮ ಅಧ್ಯಕ್ಷರು ಅದರಲ್ಲಿ ಪೂರ್ತಿ ಹಿಡಿಸುತ್ತಿರಲಿಲ್ಲ, ಶಾಲು ಹೊರಗುಳಿಯುತ್ತಿತ್ತು.

ಅದೂ ಒಂದು ಫೋಟೊ ಎಂದರೆ ಒಂದೇ ಫೋಟೊ ಎಂದುಕೊಂಡಿರಾ? ಸಂಘದ ಸೈಟು ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ, ಜಗತ್ತಿನ ಎಷ್ಟೋ ಸಂಘಗಳ ಹಾಗೆಯೇ. ಅದಕ್ಕೆ ನೀವೊಂದು ದೊಡ್ಡ ಚಿತ್ರ ಕೊಟ್ಟರೆ ಅದು ತಾನೇ ಕೂತು ನಕಲು ಮಾಡುತ್ತದೆ. 150 ಪಿಕ್ಸೆಲ್ಲಿನದೊಂದು, 300ರದೊಂದು, 768, 1024, 1536, 2048, ಆಮೇಲೆ 2560ಕ್ಕೆ ಇಳಿಸಿದ್ದೊಂದು. ಇಷ್ಟಾದ ಮೇಲೂ ಮೂಲ ಚಿತ್ರವನ್ನು ಬಿಸಾಡದೆ ಜೋಪಾನ ಮಾಡುತ್ತದೆ. ಫೋನಿನಲ್ಲಿ ನೋಡುವವರಿಗೆ ಚಿಕ್ಕದು, ದೊಡ್ಡ ಪರದೆಯವರಿಗೆ ದೊಡ್ಡದು ಎಂಬ ಸದುದ್ದೇಶದಿಂದಲೇ ಈ ವ್ಯವಸ್ಥೆ. ಒಟ್ಟು ಎಂಟಾಯಿತು. ಇನ್ನೆರಡನ್ನು ಸೈಟಿಗೆ ಹಾಕಿರುವ ಥೀಮ್ ತನ್ನ ಅಳತೆಗೆ ಕತ್ತರಿಸಿ ಸೇರಿಸುತ್ತದೆ. ದಶಾವತಾರ ಸಂಪೂರ್ಣ. ಪುರಾಣದಲ್ಲಿ ಪ್ರತಿ ಅವತಾರಕ್ಕೂ ಒಂದು ಕಾರಣವಿತ್ತು, ಇಲ್ಲಿ ಹತ್ತರಲ್ಲೂ ಅದೇ ಶಾಲು, ಅದೇ ಹಾರ.

ಒಂದು ಸಮಾರಂಭಕ್ಕೆ ಎಷ್ಟು ಫೋಟೊ ಎಂದು ನಾನು ಹೇಳಬೇಕಾಗಿಲ್ಲ. ದೀಪ ಬೆಳಗುವಾಗ ಐದು ಬತ್ತಿಗೆ ಐದು ಗಣ್ಯರು, ಒಬ್ಬೊಬ್ಬರಿಗೂ ಮೂರು ಮೂರು ಕೋನ. ಬೆಂಕಿಕಡ್ಡಿ ಆರಿದ್ದೂ ದಾಖಲಾಗಿದೆ. ಭಾಷಣಕಾರರ ಬಾಯಿ ತೆರೆದಿರುವ ಚಿತ್ರ, ಮುಚ್ಚಿರುವ ಚಿತ್ರ (ಎರಡನೆಯದು ಸಿಗುವುದು ಕಷ್ಟ). ಇದರಲ್ಲಿ ಹತ್ತನ್ನು ಆರಿಸಿ ಹಾಕಬಹುದಿತ್ತಲ್ಲ ಎಂದರೆ ಬಿಟ್ಟುಹೋದವರು ಮುಂದಿನ ವರ್ಷ ಚಂದಾ ಕೊಡುವುದಿಲ್ಲ.

ಇನ್ನು ಆಮಂತ್ರಣ ಪತ್ರಿಕೆ. ಅದನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತಾರೆ. ಹಾಗೇ ಸೈಟಿಗೆ ಹಾಕಿದರೆ ಎರಡು ಮೂರು ಕೆಬಿ. ಆದರೆ ಹಾಗೆ ಹಾಕುವುದು ನಮ್ಮ ಸಂಪ್ರದಾಯವಲ್ಲ. ಮೊದಲು ಪ್ರಿಂಟ್ ತೆಗೆಯಬೇಕು. ಸಹಿ, ಮೊಹರು ಬೀಳಬೇಕು. ಆಮೇಲೆ ಅದನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ಸ್ವಲ್ಪ ಓರೆಯಾಗಿ ಏರಿಸಬೇಕು. ಒಂದು ಎ4 ಹಾಳೆಯನ್ನು ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 87 ಲಕ್ಷ ಚುಕ್ಕಿ, ಕುಗ್ಗಿಸದೆ ಇಟ್ಟರೆ 26 ಎಂಬಿ. ಕುಗ್ಗಿಸಿದರೂ ಮೂಲದ ನೂರಾರು ಪಟ್ಟು. ಇಷ್ಟು ಜಾಗ ನುಂಗಿದ ಮೇಲೂ ಅದರೊಳಗಿನ ಒಂದೇ ಒಂದು ಪದವನ್ನು ಗೂಗಲ್ ಸುಲಭವಾಗಿ ಓದಲಾರದು, ಕಣ್ಣು ಕಾಣದವರ ತಂತ್ರಾಂಶ ಬಾಯಿ ಬಿಡದು.

ಇದನ್ನು ನಮಗೆ ಕಲಿಸಿದವರು ಸರ್ಕಾರಿ ಕಚೇರಿಗಳು. ಸುತ್ತೋಲೆ ಎಂದರೆ ಮೊಹರಿನ ನೀಲಿ ಕಾಣಲೇಬೇಕು. ಹಿಂದೊಮ್ಮೆ ಇದಕ್ಕೆ ಕಾರಣವೂ ಇತ್ತು. ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ರೋಮನ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತಿತ್ತು, ಚಿತ್ರ ಮಾಡಿ ಹಾಕದೆ ಗತಿಯಿರಲಿಲ್ಲ. ಆದರೆ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ನುಡಿ, ಬರಹಗಳೂ ಯೂನಿಕೋಡ್ ಕಲಿತು ಕಾಲವಾಯಿತು. ರೋಗ ಹೋದರೂ ಔಷಧಿ ನಿಂತಿಲ್ಲ.

ಹುಡುಗ ಹೋಸ್ಟಿಂಗ್ ಖಾತೆಯ ನಿಯಂತ್ರಣ ಫಲಕವಾದ ಸಿಪ್ಯಾನೆಲ್ ತೆರೆದು ಫೋಲ್ಡರುಗಳನ್ನು ಪ್ರೊಜೆಕ್ಟರಿನ ಮೇಲೆ ತೋರಿಸಿದ. ಒಂದರ ಹೆಸರು ‘ಓಲ್ಡ್’. ಇನ್ನೊಂದು ‘ಓಲ್ಡ್-2’. ‘ನ್ಯೂ’, ‘ನ್ಯೂ-ಫೈನಲ್’, ‘ಟೆಸ್ಟ್-ಡಿಲೀಟ್ ಮಾಡಬೇಡಿ’. ಪ್ರತಿಯೊಂದೂ ಇಡೀ ಸೈಟಿನ ಪೂರ್ಣ ಪ್ರತಿ. ಪ್ರತಿ ಬಾರಿ ಪದಾಧಿಕಾರಿಗಳು ಬದಲಾದಾಗ ಹೊಸಬರು ಹೊಸ ಸೈಟು ಮಾಡಿಸಿದ್ದಾರೆ, ಹಳಬರದ್ದನ್ನು ಅಳಿಸುವ ಧೈರ್ಯ ಯಾರಿಗೂ ಬಂದಿಲ್ಲ. ಥೀಮ್‌ಗಳ ಫೋಲ್ಡರಿನಲ್ಲಿ ವರ್ಡ್‌ಪ್ರೆಸ್‌ನ ‘ಟ್ವೆಂಟಿ ಟೆನ್’ನಿಂದ ಹಿಡಿದು ಮುಂದಿನ ವರ್ಷಗಳದ್ದೆಲ್ಲ ಸಾಲಾಗಿ ಕೂತಿವೆ. ಬಳಕೆಯಲ್ಲಿರುವುದು ಒಂದು, ಉಳಿದವು ಸಂಘದ ಮಾಜಿ ಅಧ್ಯಕ್ಷರಂತೆ ಹೆಸರು ಬಿಟ್ಟುಕೊಡದೆ ಇವೆ.

‘ಎರರ್ ಲಾಗ್’ ಎಂಬ ಒಂದೇ ಫೈಲು ಒಂದು ಜಿಬಿ ದಾಟಿತ್ತು. ಯಾವುದೋ ಹಳೆಯ ಪ್ಲಗಿನ್ ಪ್ರತಿ ಭೇಟಿಗೂ ‘ನನ್ನಲ್ಲೊಂದು ದೋಷವಿದೆ’ ಎಂದು ತಾನೇ ಬರೆದಿಟ್ಟುಕೊಂಡು ಬಂದಿದೆ. ಆ ಪ್ರಾಮಾಣಿಕತೆಯನ್ನು ನೋಡಿ ಸಭೆಯಲ್ಲಿ ಕೆಲವರಿಗೆ ಮುಜುಗರವಾಯಿತು.

ಅದಕ್ಕಿಂತ ದೊಡ್ಡದು ಬ್ಯಾಕಪ್. ಯಾರೋ ಪುಣ್ಯಾತ್ಮರು ‘ಸುರಕ್ಷತೆ ಮುಖ್ಯ’ ಎಂದು ಪ್ರತಿ ರಾತ್ರಿ ಇಡೀ ಸೈಟಿನ ಬ್ಯಾಕಪ್ ತೆಗೆಯುವ ಪ್ಲಗಿನ್ ಹಾಕಿದ್ದಾರೆ. ತೆಗೆದ ಬ್ಯಾಕಪ್ಪನ್ನು ಅದು ಇಡುವುದು ಅದೇ ಸರ್ವರಿನಲ್ಲಿ, ಅದೇ ಸೈಟಿನ ಒಳಗೆ. ಸರ್ವರ್ ಹೋದರೆ ಸೈಟೂ ಹೋಯಿತು, ಬ್ಯಾಕಪ್ಪೂ ಹೋಯಿತು. ಇದು ನಮ್ಮ ಸಂಘದ ಸ್ವಂತ ಬುದ್ಧಿವಂತಿಕೆ ಎಂದು ಹೆಮ್ಮೆಪಡುವಂತಿಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಹೊತ್ತಿ ಉರಿದಾಗ, ಬ್ಯಾಕಪ್ಪನ್ನೂ ಅಲ್ಲಿಯೇ ಇಟ್ಟಿದ್ದ ಗಿರಾಕಿಗಳು ಎರಡನ್ನೂ ಒಟ್ಟಿಗೆ ಕಳೆದುಕೊಂಡರು.

ಆಮೇಲೆ ಕವನದ ವಿಷಯ. ಅಧ್ಯಕ್ಷರದೂ ಒಂದು ಕವನ ಸೈಟಿನಲ್ಲಿದೆ. ವರ್ಡ್‌ಪ್ರೆಸ್ ನೀವು ತಿದ್ದಿದ ಪ್ರತಿ ಆವೃತ್ತಿಯನ್ನೂ ಕಾಪಿಡುತ್ತದೆ, ಸಾಕು ಎಂದು ನೀವಾಗಿಯೇ ಮಿತಿ ಹಾಕದಿದ್ದರೆ ಅದಕ್ಕೆ ಕೊನೆಯಿಲ್ಲ. ಹನ್ನೆರಡು ಸಾಲಿನ ಆ ಕವನಕ್ಕೆ ಅರವತ್ತಕ್ಕೂ ಹೆಚ್ಚು ಆವೃತ್ತಿಗಳಿದ್ದವು. ಬಹುತೇಕ ಎಲ್ಲದರಲ್ಲೂ ಬದಲಾದದ್ದು ಅಲ್ಪವಿರಾಮ. ನಾಳೆ ಯಾರಾದರೂ ಇದರ ಮೇಲೆ ಪಿಎಚ್‌.ಡಿ. ಮಾಡುವುದಾದರೆ ಆಕರ ಸಾಮಗ್ರಿ ಸಿದ್ಧವಿದೆ. ನ್ಯಾಯವಾಗಿ ಹೇಳಬೇಕೆಂದರೆ, ಇವೆಲ್ಲ ಸೇರಿದರೂ ಅವರ ಒಂದು ಫೋಟೊದ ಕಾಲುಭಾಗಕ್ಕೂ ಸಮವಲ್ಲ. ಅಧ್ಯಕ್ಷರು ಕವಿಯಾಗಿ ಮಾಡಿದ ಹಾನಿ, ಅಧ್ಯಕ್ಷರಾಗಿ ಮಾಡಿದ್ದಕ್ಕಿಂತ ಬಹಳ ಕಡಿಮೆ.

“ಅಷ್ಟೆಲ್ಲ ಯಾಕೆ? ಅನ್‌ಲಿಮಿಟೆಡ್ ಪ್ಲಾನ್ ತಗೊಂಡ್ರಾಯ್ತು, ಜಾಹೀರಾತು ನೋಡಿದೀನಿ” ಎಂದರು ಉಪಾಧ್ಯಕ್ಷರು. ಅನ್‌ಲಿಮಿಟೆಡ್ ಊಟದ ಬೋರ್ಡು ನೋಡಿ ಒಳಹೊಕ್ಕವನಿಗೆ ಎರಡನೆಯ ಹಪ್ಪಳಕ್ಕೆ ಬೇರೆ ಬಿಲ್ ಬರುವಂತೆ, ಇಲ್ಲಿಯೂ ಷರತ್ತು ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ಜಾಗಕ್ಕೆ ಮಿತಿ ಇಲ್ಲದಿರಬಹುದು, ಫೈಲುಗಳ ಸಂಖ್ಯೆಗೆ ಇರುತ್ತದೆ. ಐನೋಡ್ ಎಂಬ ಲೆಕ್ಕವದು. ಫೈಲು ಒಂದು ಕೆಬಿಯದಾಗಲಿ ಒಂದು ಜಿಬಿಯದಾಗಲಿ, ಲೆಕ್ಕಕ್ಕೆ ಒಂದು. ಒಂದೊಂದು ಫೋಟೊ ಹತ್ತು ಹತ್ತಾಗಿ ಹೆರುವ ಸಂಘಕ್ಕೆ ಆ ಮಿತಿ ಮುಟ್ಟುವುದು ಇನ್ನೂ ಸುಲಭ.

ಕೊನೆಗೂ ಹುಡುಗನಿಗೆ ಮಾತಾಡಲು ಬಿಟ್ಟರು. ಅವನು ಹೇಳಿದ್ದರಲ್ಲಿ ಯಾವ ಮಂತ್ರವೂ ಇರಲಿಲ್ಲ. ಓಲ್ಡ್, ನ್ಯೂ-ಫೈನಲ್‌ಗಳನ್ನು ಒಮ್ಮೆ ಮನೆಯ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಸರ್ವರಿನಿಂದ ಅಳಿಸುವುದು. ದೋಷ ಬರೆಯುವ ಪ್ಲಗಿನ್ ಸರಿಪಡಿಸಿ ಆಮೇಲೆ ಲಾಗ್ ತೆಗೆಯುವುದು. ಲಾಗ್ ಮಾತ್ರ ತೆಗೆದರೆ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಬ್ಯಾಕಪ್ಪನ್ನು ಬೇರೆ ಕಡೆ ಕಳಿಸಿ ಇತ್ತೀಚಿನ ಎರಡು ಮೂರನ್ನಷ್ಟೇ ಇಟ್ಟುಕೊಳ್ಳುವುದು. ಕವನಕ್ಕೆ ಐದು ಆವೃತ್ತಿಯ ಮಿತಿ. ವಿಡಿಯೊ ಇದ್ದರೆ ಯೂಟ್ಯೂಬಿಗೆ. ಆಮಂತ್ರಣವನ್ನು ಅಕ್ಷರವಾಗಿಯೇ ಹಾಕುವುದು. ಫೋಟೊಗಳನ್ನು ಏರಿಸುವ ಮೊದಲೇ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಕ್ವಾಲಿಟಿ 80ಕ್ಕೆ ಇಟ್ಟು, ಸಾಧ್ಯವಾದರೆ ಗೂಗಲ್ 2010ರಲ್ಲಿ ತಂದ ವೆಬ್‌ಪಿ ಮಾದರಿಗೆ ಬದಲಿಸುವುದು. “ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ ಸರ್, ನಾಲ್ಕು ಎಂಬಿ ಇದ್ದದ್ದು ಮುನ್ನೂರು ಕೆಬಿಗೆ ಬರುತ್ತೆ.”

ಅಲ್ಲಿಯವರೆಗೆ ಸುಮ್ಮನಿದ್ದ ಅಧ್ಯಕ್ಷರು ಲೋಟ ಕೆಳಗಿಟ್ಟರು.

“ಏನಂದೆ? ನನ್ನ ಕ್ವಾಲಿಟಿ ಎಂಬತ್ತಕ್ಕೆ ಇಳಿಸ್ತೀಯಾ?”

“ನಿಮ್ಮದಲ್ಲ ಸರ್, ಫೋಟೊದ್ದು.”

“ಫೋಟೊದಲ್ಲಿ ಇರೋದ್ಯಾರಪ್ಪಾ ಮತ್ತೆ?”

ಇದಕ್ಕೆ ಇಂಜಿನಿಯರಿಂಗಿನಲ್ಲಿ ಉತ್ತರ ಹೇಳಿಕೊಡುವುದಿಲ್ಲ. ನಿರ್ಣಯ ಹತ್ತು ನಿಮಿಷದಲ್ಲಿ ಆಯಿತು. ಫೋಟೊ ವಿಭಾಗವನ್ನು ಮುಟ್ಟತಕ್ಕದ್ದಲ್ಲ. ಹಳೆಯ ಫೋಲ್ಡರುಗಳ ಬಗ್ಗೆ ಹಿಂದಿನ ಸಮಿತಿಯವರಿಗೆ ನೋಟಿಸು ಕೊಟ್ಟು ಉತ್ತರಕ್ಕೆ ಕಾಯತಕ್ಕದ್ದು. ಬ್ಯಾಕಪ್ ಅಳಿಸುವುದು ಅಪಾಯ, ಇರಲಿ. ಸಂಚಿಕೆಗಳ ಬರಹಗಳನ್ನು ಕೂಡಲೇ ಅಳಿಸತಕ್ಕದ್ದು. ಜೊತೆಗೆ ದೊಡ್ಡ ಪ್ಲಾನಿಗೆ ಹಣ ಮಂಜೂರು, ಅದನ್ನು ಸಾಹಿತ್ಯ ಗೋಷ್ಠಿಯ ಬಾಬ್ತಿನಿಂದ ಭರಿಸುವುದು.

ನೂರಾ ಎಂಬತ್ತು ಬರಹಗಳು ಹೋದವು. ಅವುಗಳಲ್ಲಿ ಹಲವು ಬೇರೆಲ್ಲೂ ಅಚ್ಚಾದವಲ್ಲ. ಊರಿನ ಮೇಷ್ಟ್ರುಗಳು, ನಿವೃತ್ತ ಪೋಸ್ಟ್‌ಮಾಸ್ತರರು, ಪಿಯುಸಿ ಹುಡುಗಿಯರು ಬರೆದವು. ಬಿಡುಗಡೆಯಾದ ಜಾಗ ಆರು ಎಂಬಿ ಚಿಲ್ಲರೆ. ಅಧ್ಯಕ್ಷರ ಲೆಕ್ಕದಲ್ಲಿ ಒಂದೂವರೆ ಫೋಟೊ, ಅವತಾರಗಳನ್ನು ಬಿಟ್ಟು. ಆ ಜಾಗ ಮರುವಾರವೇ ತುಂಬಿತು, ‘ನವೀಕೃತ ವೆಬ್‌ಸೈಟ್ ಲೋಕಾರ್ಪಣೆ’ ಸಮಾರಂಭದ ಚಿತ್ರಗಳಿಂದ.

ನಿಮ್ಮ ಸಂಘಕ್ಕೂ, ಶಾಲೆಗೂ, ಸಹಕಾರಿ ಬ್ಯಾಂಕಿಗೂ ಆ ಶೇ. 95ರ ಪತ್ರ ಬಂದೇ ಬರುತ್ತದೆ. ಸಭೆ ಕರೆಯುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿ: ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ, ಮೇಲಿನ ಇಪ್ಪತ್ತನ್ನು ನೋಡಿ. ಆ ಇಪ್ಪತ್ತರಲ್ಲಿ ಒಂದೇ ಒಂದು ಕವನ ಸಿಕ್ಕರೂ ಧಾರಾಳವಾಗಿ ಅಳಿಸಿ, ನನ್ನ ತಕರಾರಿಲ್ಲ.