ಗಾಳದವನ ಪಂಚಾಂಗ

ಮೀನಿಗೆ ಗಾಳ ಹಾಕುವ ಮುಹೂರ್ತವನ್ನು ಪ್ರಕೃತಿಯೇ ಗೊತ್ತುಮಾಡುತ್ತದೆ ಎಂಬುದು ಲೋಕದ ನಂಬಿಕೆ. ಅಮೆರಿಕದ ಮಿನ್ನೆಸೋಟದಲ್ಲಿ ಅದು ನಿಜವೇ ಇರಬಹುದು. ಕೆರೆಗಳ ಮೇಲಿನ ಹಿಮಗಡ್ಡೆ ಕರಗಿದೊಡನೆ ವಾಲೈ ಎಂಬ ಮೀನು ಮೊಟ್ಟೆಯಿಡಲು ಕಲ್ಲುಗಳಿರುವ ದಡಕ್ಕೆ ಬರುತ್ತದೆ. ಅದರ ಬಾಣಂತನ ಮುಗಿಯಲೆಂದು ಸರ್ಕಾರ ಸುಮಾರು ಮೇ ಮಧ್ಯದವರೆಗೆ ಗಾಳದವರನ್ನು ತಡೆದಿಟ್ಟು ಆಮೇಲೆ ಬಿಡುತ್ತದೆ. ಆದರೆ ಬಳ್ಳಾರಿ ಜಿಲ್ಲೆಯ ಕುರುಗೋಡು, ಸಿರುಗುಪ್ಪ ಕಡೆಯ ಗಾಳದವನು ಪ್ರಕೃತಿಯನ್ನು ನಂಬಿ ಕೂತರೆ ಎರೆಹುಳು ಒಣಗೀತೇ ಹೊರತು ಮೀನು ಸಿಕ್ಕದು. ಅವನ ವಸಂತವನ್ನು ನಿರ್ಧರಿಸುವುದು ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ. ಸಚಿವರು, ಶಾಸಕರು, ಎಂಜಿನಿಯರುಗಳು ಸೇರಿ ಕಾಲುವೆಗೆ ಯಾವ ತಾರೀಖಿನವರೆಗೆ ನೀರು ಎಂದು ಚರ್ಚಿಸುವ ಆ ಸಭೆಯಲ್ಲಿ ಮೀನಿನ ಪರವಾಗಿ ಮಾತಾಡುವವರಿಲ್ಲ, ಗಾಳದವನ ಪರವಾಗಿಯೂ ಇಲ್ಲ. ಆದರೂ ಇಬ್ಬರ ಜಾತಕವೂ ಅಲ್ಲೇ ಬರೆಯಲ್ಪಡುತ್ತದೆ.

ಇದು ಹೇಗೆಂದರೆ, ಮುಂಗಾರಿನಲ್ಲಿ ಕೆಳಮಟ್ಟದ, ಅಂದರೆ ಎಲ್‌ಎಲ್‌ಸಿ ಕಾಲುವೆಗೆ ನೀರು ಬಿಟ್ಟಾಗ ಜಲಾಶಯದ ಮೀನೂ ಅದರ ಜೊತೆ ಹೊರಡುತ್ತದೆ. ಎರಡನೇ ಬೆಳೆಯ ಭತ್ತ ಕೈಗೆ ಬಂದು, ಯುಗಾದಿ ಕಳೆದು ಬಿಸಿಲು ಬಲಿಯುವಾಗ ನೀರು ನಿಲ್ಲುತ್ತದೆ; ಕಾಲುವೆಯ ತಗ್ಗುಗಳಲ್ಲಿ ಮಡುಗಳು ಉಳಿಯುತ್ತವೆ, ಅವುಗಳಲ್ಲಿ ಮೀನು ಉಳಿಯುತ್ತದೆ. ಮಿನ್ನೆಸೋಟದಲ್ಲಿ ನೀರು ಹಿಮದಿಂದ ಬಿಡಿಸಿಕೊಂಡು ಋತು ಶುರು, ಇಲ್ಲಿ ನೀರು ಬತ್ತಿಸಿಕೊಂಡು. ಬರದ ವರ್ಷ ಎರಡನೇ ಬೆಳೆಗೆ ನೀರಿಲ್ಲವೆಂದರೆ ರೈತನಿಗೆ ಸಂಕಟ, ಗಾಳದವನ ವಸಂತ ಮಾತ್ರ ಬೇಗ ಬಂದುಬಿಡುತ್ತದೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ; ಪಂಚಾಂಗ ಬರೆಯುವುದರಲ್ಲಿ ಹೂಳಿಗೂ ಪಾಲಿದೆ ಎಂದಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ನಾವೆಲ್ಲ ಹರಿದುಹೋದ ಟಿಎಂಸಿ ಲೆಕ್ಕ ಹಾಕಿದೆವು. ಅದರೊಂದಿಗೆ ಹೋದ ಮೀನಿನ ಲೆಕ್ಕ ಯಾರು ಕೇಳಿದರು?

ಬತ್ತುವ ಮಡುವಿನಲ್ಲಿ ಸಿಕ್ಕಿಬಿದ್ದ ಮೀನು ಹಿಡಿಯುವುದು ಯಾವ ಶೌರ್ಯ ಎಂದು ಕೇಳುವವರುಂಟು. ಅವರು ಕೊರವ ಮೀನನ್ನು ಕಂಡಿಲ್ಲ. ಅದು ನೀರಿನಾಚೆಯ ಗಾಳಿಯನ್ನೂ ಉಸಿರಾಡಬಲ್ಲದು, ಕೆಸರಿನಲ್ಲಿ ಹುದುಗಿ ದಿನ ದೂಡಬಲ್ಲದು. ಮಡು ಚಿಕ್ಕದಾದಷ್ಟೂ ಅದರ ಜಾಣತನ ದೊಡ್ಡದು. ವಾಲೈ ಮಬ್ಬುಬೆಳಕಿನಲ್ಲಿ ಚೆನ್ನಾಗಿ ಕಾಣುವ ಕಣ್ಣಿನದಾದ್ದರಿಂದ ಅಲ್ಲಿಯವರು ಸಂಜೆಗಾಗಿ ಕಾಯುತ್ತಾರೆ. ನಾವೂ ಸಂಜೆಗಾಗಿಯೇ ಕಾಯುತ್ತೇವೆ, ಮೀನಿನ ಕಣ್ಣಿಗಾಗಿ ಅಲ್ಲ, ನಮ್ಮ ನೆತ್ತಿಗಾಗಿ. ಬಳ್ಳಾರಿಯ ನಲವತ್ತು ಡಿಗ್ರಿಯಲ್ಲಿ ಕೋಲು ಹಿಡಿದು ಕೂರುವುದೇ ಒಂದು ಶೌರ್ಯವೆನ್ನಬೇಕು.

ಹಾಗೆ ಹಿಡಿಯುತ್ತಹೋದರೆ ಸಂತತಿಯ ಗತಿಯೇನು ಎಂಬ ಇನ್ನೊಂದು ಪ್ರಶ್ನೆ ಹೆಚ್ಚು ತೂಕದ್ದು. ಕಾಟ್ಲಾ, ರೋಹುಗಳ ವಿಷಯದಲ್ಲಿ ಅದಕ್ಕೆ ಉತ್ತರ ಸುಲಭ. ಅವು ಮಳೆಗಾಲದ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಜಾತಿ, ನಿಂತ ನೀರಿನಲ್ಲಿ ಸಂಸಾರ ಹೂಡುವುದಿಲ್ಲ. ಅದಕ್ಕೆಂದೇ 1957ರಲ್ಲಿ ಮೀನುವಿಜ್ಞಾನಿ ಹೀರಾಲಾಲ್ ಚೌಧುರಿ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಗೆಂಡೆಮೀನುಗಳಿಂದ ಮೊಟ್ಟೆ ಇಡಿಸಿದ್ದು. ಮಡುವಿನಲ್ಲಿ ಬಿಟ್ಟರೂ ಅವು ಒಣಗಿ ಸಾಯುವವೇ, ಹಿಡಿದರೆ ಸಾರಾದರೂ ಆಗುತ್ತವೆ. ಆದರೆ ಕೊರವನ ವಿಷಯದಲ್ಲಿ ಪ್ರಶ್ನಿಸಿದವರೇ ಸರಿ. ಅದು ಮರಿಗಳ ಕೆಂಪು ಗುಂಪನ್ನು ತಂದೆತಾಯಿ ಇಬ್ಬರೂ ಕಾಯುವ ಮೀನು. ಕಾವಲಿನ ದೊಡ್ಡ ಮೀನನ್ನು ತೆಗೆದರೆ ಮರಿಗಳು ಅನಾಥ. ಸಮುದ್ರದಲ್ಲಿ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ ಕೊಟ್ಟ ನಾವು, ಕಾಲುವೆಯಂಚಿನ ಕೊರವನಿಗೂ ಅಷ್ಟು ಸೌಜನ್ಯ ತೋರಬಹುದು. ಮೊದಲ ಮಳೆ ಬಿದ್ದು ನೀರಿನ ಮೇಲೆ ಕೆಂಪು ಮರಿಗಳು ಕಂಡರೆ, ಸಮಿತಿಯ ಸಭೆಗೆ ಕಾಯದೆ ಗಾಳ ಸುತ್ತಿ ಮನೆಗೆ ನಡೆಯಿರಿ.