ಅಂಟಿಯೂ ಅಂಟದ ಎಂಟು ಲಕ್ಷ

ನಮ್ಮ ಮನೆಯ ಫ್ರಿಜ್ಜಿಗೆ ಮೈತುಂಬ ಹಳದಿ ಚೀಟಿ. ‘ಗ್ಯಾಸ್ ಬುಕ್ ಮಾಡಿ’, ‘ಕರೆಂಟ್ ಬಿಲ್ ಕಟ್ಟಿ’, ‘ನಿನ್ನೆ ಹೇಳಿದ್ದೂ ಆಗಿಲ್ಲ’. ಎಲ್ಲವೂ ನನಗೇ. ಫ್ಯಾನ್ ಹಾಕಿದರೆ ಪಟಪಟ ಅನ್ನುತ್ತವೆ, ಬೀಳುವುದಿಲ್ಲ. ಅವನ್ನು ಕಂಡಾಗಲೆಲ್ಲ ಅಮೆರಿಕದ ಒಂದು ಪ್ರೇಮಿಗಳ ಜೋಡಿ ನೆನಪಾಗುತ್ತದೆ.

2010ರಲ್ಲಿ ಬ್ರಿಟನ್ನಿನ ಚಾನೆಲ್ 4 ‘ದ ಮಿಲಿಯನ್ ಪೌಂಡ್ ಡ್ರಾಪ್ ಲೈವ್’ ಎಂಬ ಆಟ ಶುರುಮಾಡಿತು. ಅದೇ ಡಿಸೆಂಬರಿನಲ್ಲಿ ಫಾಕ್ಸ್ ವಾಹಿನಿ ಪೌಂಡನ್ನು ಡಾಲರ್ ಮಾಡಿ, ನಟ ಕೆವಿನ್ ಪೊಲಾಕ್ ಕೈಗೆ ಮೈಕು ಕೊಟ್ಟು ‘ಮಿಲಿಯನ್ ಡಾಲರ್ ಮನಿ ಡ್ರಾಪ್’ ಅಂದಿತು. ಬೇರೆ ಆಟಗಳಲ್ಲಿ ದುಡ್ಡು ಗೆಲ್ಲಬೇಕು. ಇಲ್ಲಿ ಮೊದಲೇ ಕೊಟ್ಟುಬಿಡುತ್ತಾರೆ, 20,000 ಡಾಲರಿನ 50 ಕಟ್ಟು. ಏಳು ಪ್ರಶ್ನೆ ಮುಗಿಯುವ ತನಕ ಉಳಿಸಿಕೊಂಡರೆ ಸಾಕು. ಒಂದೊಂದು ಉತ್ತರಕ್ಕೂ ಒಂದೊಂದು ಬಾಗಿಲು. ಕಟ್ಟುಗಳನ್ನು ಅವುಗಳ ಮೇಲೆ ಹಂಚಿಡಬೇಕು, ಒಂದನ್ನಾದರೂ ಖಾಲಿ ಬಿಡಬೇಕು. ತಪ್ಪು ಬಾಗಿಲು ಕೆಳಕ್ಕೆ ತೆರೆದರೆ ದುಡ್ಡು ಪಾತಾಳಕ್ಕೆ. ತಿಂಗಳ ಸಂಬಳದವರಿಗೆ ಇದನ್ನು ವಿವರಿಸಬೇಕಿಲ್ಲ.

ಮೊದಲ ಕಂತಿನಲ್ಲೇ ಪ್ರಶ್ನೆ ಬಂತು: ಮ್ಯಾಕಿಂಟಾಷ್ ಕಂಪ್ಯೂಟರ್, ಸೋನಿ ವಾಕ್‌ಮನ್, ಪೋಸ್ಟ್-ಇಟ್ ಚೀಟಿ, ಅಂಗಡಿಗೆ ಮೊದಲು ಬಂದದ್ದು ಯಾವುದು? ಜೋಡಿ ಎಂಟು ಲಕ್ಷ ಡಾಲರನ್ನು ಹಳದಿ ಚೀಟಿಯ ಮೇಲೆ ಪೇರಿಸಿತು. 80,000 ವಾಕ್‌ಮನ್ ಮೇಲೆ. ‘ಸರಿಯುತ್ತರ’ ವಾಕ್‌ಮನ್, 1979. ಕಣ್ಣೆದುರೇ ಎಂಟು ಲಕ್ಷ ಜಾರಿತು.

ಆಮೇಲೆ ಗೊತ್ತಾಯಿತು: 3ಎಂ ಕಂಪನಿ ಈ ಚೀಟಿಯನ್ನು 1977ರಲ್ಲೇ ನಾಲ್ಕು ಊರುಗಳಲ್ಲಿ ‘ಪ್ರೆಸ್ ಎನ್ ಪೀಲ್’ ಎಂಬ ಹೆಸರಿನಲ್ಲಿ ಮಾರಿ ನೋಡಿತ್ತು. ಜೋಡಿ ಹೇಳಿದ್ದೇ ಸರಿ! ತಪ್ಪೊಪ್ಪಿಕೊಂಡ ಕಾರ್ಯಕ್ರಮದವರು ‘ಮತ್ತೊಮ್ಮೆ ಬಂದು ಆಡಿ’ ಎಂದರು. ಅವರು ಬರುವ ಮೊದಲೇ ಆಟವೇ ರದ್ದಾಯಿತು.

ಈ ಕಥೆಯನ್ನು ಹೆಂಡತಿಗೆ ಹೇಳಿ ಮರುಗಿದ್ದೆ. ನನ್ನದೂ ಅದೇ ಕಥೆ. ಕಳೆದ ವರ್ಷ ಮಿಕ್ಸಿ ಕೆಟ್ಟಾಗ, “ವಾರಂಟಿ ಇನ್ನೂ ಇದೆ ಕಣೇ” ಅಂದೆ. “ಎಲ್ಲಿ ಬಿಲ್ಲು?” ಅಂದಳು. ಸಿಗಲಿಲ್ಲ. ಮಿಕ್ಸಿ ಗುಜರಿಯವನ ಗಾಡಿ ಹತ್ತಿತು. ಮೊನ್ನೆ ಅಟ್ಟದ ಮೇಲೆ ಬಿಲ್ಲು ಸಿಕ್ಕಿತು: ಅವತ್ತಿಗೆ ಇನ್ನೂ ಎಂಟು ದಿನ ವಾರಂಟಿ ಬಾಕಿ! ಗೆದ್ದ ಮುಖ ಮಾಡಿಕೊಂಡು ಅಡುಗೆಮನೆಗೆ ಓಡಿದೆ. ಆಕೆ ಒರಳಿನಿಂದ ತಲೆಯೆತ್ತದೆ, “ನೀವು ಹೇಳಿದ್ದೇ ಸರಿ ಬಿಡಿ. ಈಗ ಮಿಕ್ಸಿ ಎಲ್ಲಿದೆ?” ಅಂದಳು.

ಆ ಬಿಲ್ಲೂ ಈಗ ಫ್ರಿಜ್ಜಿನ ಮೇಲಿದೆ. ಓದುಗರಲ್ಲಿ ಒಂದೇ ವಿನಂತಿ: ಬಿಲ್ಲು ಸಿಗುವ ತನಕ ಮಿಕ್ಸಿ ಕೊಡಬೇಡಿ.